‘ಈ ಮಗು ಯಾರದ್ದು?’ ಅಂತ ಕೇಳುವವರಿಗೆ ಏನು ಹೇಳುವುದು: ಪರದೇಶದಿಂದ ಊರಿಗೆ ಬರುವ ದತ್ತು ಮನೆಯವರಿಗೆ

ದತ್ತು ಮಗುವನ್ನು ಕರೆದುಕೊಂಡು ಪರದೇಶದಿಂದ ಕಾಸರಗೋಡಿಗೆ ರಜೆಗೆ ಬರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಅವರನ್ನು ಸ್ಟೇಷನ್ನಿನಿಂದ ಕರೆತಂದು, ರಜೆ ಮುಗಿಯುವವರೆಗೆ ಊರು ಸುತ್ತಿಸುವ ನಮ್ಮಂಥವರಿಗೂ ಇದು ಬೇಕು. ನನ್ನ ತಂಗಿ ಮತ್ತು ಅವಳ ಗಂಡ ಇರುವುದು ಐರ್ಲೆಂಡಿನಲ್ಲಿ. ಮಗಳನ್ನು ದತ್ತು ಪಡೆದದ್ದು ಭಾರತದಿಂದಲೇ. ಹೊರದೇಶದಲ್ಲಿ ನೆಲೆಸಿದವರು ಇಲ್ಲಿನ ಮಗುವನ್ನು ದತ್ತು ಪಡೆದರೆ, ಅವರು ಕುಂಬಳೆಯವರೇ ಆಗಿರಲಿ ಬದಿಯಡ್ಕದವರೇ ಆಗಿರಲಿ, ಕಾನೂನಿನ ಲೆಕ್ಕದಲ್ಲಿ ಅದು ದೇಶದಿಂದ ದೇಶಕ್ಕೆ ಆಗುವ ದತ್ತು. ಮಗು ಯಾವ ರಾಜ್ಯದವಳು, ಹೇಗೆ ಸಿಕ್ಕಿದಳು ಅಂತ ಇಲ್ಲಿ ಬರೆಯುವುದಿಲ್ಲ. ಬಸ್ಸಿನಲ್ಲಿ ಹೇಳದ್ದನ್ನು ಇಲ್ಲಿ ಯಾಕೆ ಹೇಳಲಿ?

ಮೊದಲು ಒಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮ ಕಡೆ ಅಪರಿಚಿತರು ಪ್ರಶ್ನೆ ಕೇಳುವುದು ಮಾಮೂಲು. ಯಾವ ಊರು, ಯಾವ ಮನೆ, ಯಾರ ಮಗಳು, ಮದುವೆ ಆಯಿತಾ, ಸಂಬಳ ಎಷ್ಟು, ಇಷ್ಟೂ ಕುಂಬಳೆಯಿಂದ ಮುಳ್ಳೇರಿಯ ತಲುಪುವುದರೊಳಗೆ ಮುಗಿದಿರುತ್ತದೆ. ಡಬ್ಲಿನ್ನಿನಲ್ಲಿ ಯಾರೂ ಏನೂ ಕೇಳದ ಬಸ್ಸಿನಲ್ಲಿ ಓಡಾಡಿ ಬಂದವರಿಗೆ ಇದೇ ಒಂದು ದಾಳಿಯ ಹಾಗೆ ಕಾಣುತ್ತದೆ. ದಾಳಿ ಅಲ್ಲ. ಹತ್ತರಲ್ಲಿ ಎಂಟು ಜನ ಕೇಳುವುದು ನಿಮ್ಮನ್ನು ಯಾವುದೋ ಒಂದು ಮನೆಗೆ, ಒಂದು ಊರಿಗೆ ಸೇರಿಸಿ ನೋಡುವುದಕ್ಕೆ. ಉಳಿದವರಿಗೆ ಮಾತ್ರ ಕೆದಕುವ ಚಟ. ಇಬ್ಬರಿಗೂ ಒಂದೇ ಉತ್ತರ ಕೊಡಲು ಹೋದರೆ ಕಷ್ಟ. ಒಳ್ಳೆಯ ಮನಸ್ಸಿನ ಅಜ್ಜಿಯ ಮೇಲೆ ರೇಗಿದ ಹಾಗಾಗುತ್ತದೆ, ಇಲ್ಲವಾದರೆ ಕೆದಕುವವನ ಎದುರು ಎಲ್ಲವನ್ನೂ ಬಿಚ್ಚಿಟ್ಟ ಹಾಗಾಗುತ್ತದೆ.

ಗುರುತಿಸುವುದು ಹೇಗೆ? ಮೊದಲ ಪ್ರಶ್ನೆಯಿಂದ ಗೊತ್ತಾಗುವುದಿಲ್ಲ, ಎರಡನೆಯದರಿಂದ ಗೊತ್ತಾಗುತ್ತದೆ. ‘ನಮ್ಮ ಮಗಳು’ ಅಂದ ಮೇಲೆ ‘ಹೌದಾ, ಎಷ್ಟನೇ ಕ್ಲಾಸು?’ ಅಂತ ಕೇಳಿದರೆ ಅವರು ಸಾದಾ ಜನ, ಆರಾಮಾಗಿ ಮಾತಾಡಿ. ‘ಅಲ್ಲ, ಸ್ವಂತದ್ದಾ ಸಾಕಿದ್ದಾ?’ ಅಂತ ಮುಂದೆ ಬಂದರೆ ಅಲ್ಲಿಗೆ ಬಾಗಿಲು ಹಾಕಬಹುದು.

ಮಾತು ಮಗುವಿನ ಕಿವಿಗೂ ಬೀಳುತ್ತದೆ

ಪ್ರಶ್ನೆ ಬರುವುದು ನಿಮಗೆ, ಆದರೆ ಉತ್ತರವನ್ನು ಕಿವಿಗೊಟ್ಟು ಕೇಳುವುದು ಪಕ್ಕದಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತ ಮಗು. ಕೇಳಿದವರು ಉಪ್ಪಳದಲ್ಲಿ ಇಳಿದುಹೋಗುತ್ತಾರೆ. ಆಮೇಲೆ ನೀವೂ ಅವರ ಮುಖ ನೋಡುವುದಿಲ್ಲ, ಅವರೂ ನಿಮ್ಮನ್ನು ನೆನಪಿಡುವುದಿಲ್ಲ. ನೀವು ಹೇಳಿದ ಮಾತು ಮಾತ್ರ ಮಗುವಿನ ಹತ್ತಿರ ಉಳಿಯುತ್ತದೆ. ಆದ್ದರಿಂದ ಬಾಯಿಂದ ಬರುವ ವಾಕ್ಯ ಮಗುವಿಗೆ ಹೇಳುವ ಹಾಗೇ ಇರಲಿ. ಎದುರಿನವರಿಗೆ ಬುದ್ಧಿ ಕಲಿಸುವುದು, ದತ್ತು ಬಗ್ಗೆ ಅರಿವು ಮೂಡಿಸುವುದು, ಇದೆಲ್ಲ ನಿಮ್ಮ ಕೆಲಸ ಅಲ್ಲ. ಮಾಡಬೇಕು ಅನಿಸಿದರೆ ಮಗು ಇಲ್ಲದಾಗ ಮಾಡಿ.

ನಮ್ಮಲ್ಲಿ ಇನ್ನೊಂದು ತಾಪತ್ರಯ ಉಂಟು. ಭಾಷೆ. ಮಗು ಇಂಗ್ಲಿಷ್ ಮಾತಾಡುವುದು ಕೇಳಿದ ಕೂಡಲೇ ಜನ ಧೈರ್ಯವಾಗಿ ತುಳುವಿಗೆ ತಿರುಗುತ್ತಾರೆ, ಮಲಯಾಳಕ್ಕೆ ತಿರುಗುತ್ತಾರೆ, ಮಗುವಿನ ತಲೆಯ ಮೇಲಿಂದಲೇ ‘ಏದಾ ಈ ಕುಟ್ಟಿ?’ ಅಂತ ಕೇಳುತ್ತಾರೆ. ನಮ್ಮ ಪುಟ್ಟಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಅಜ್ಜಿಯ ದಯೆಯಿಂದ ತುಳು ಅರ್ಧ. ಅರ್ಥ ಆಗದಿದ್ದರೂ ತನ್ನ ಬಗ್ಗೆಯೇ ಮಾತು ಅಂತ ಗೊತ್ತಾಗದೇ ಇರುತ್ತದಾ? ಮುಖ ನೋಡಿದರೆ ಸಾಕು. ಹಾಗಾಗಿ ಅವರು ಯಾವ ಭಾಷೆಯಲ್ಲಿ ಕೇಳಿದರೂ ನೀವು ಮಗುವಿಗೆ ತಿಳಿಯುವ ಭಾಷೆಯಲ್ಲೇ ಉತ್ತರ ಕೊಡಿ, ಸ್ವಲ್ಪ ಗಟ್ಟಿಯಾಗಿ. ‘ಅವಳಿಗೆ ತುಳು ಅರ್ಥ ಆಗ್ತದೆ ಅಕ್ಕಾ’ ಅಂತ ನಗುತ್ತಾ ಹೇಳಿ. ಇಷ್ಟಕ್ಕೇ ಅರ್ಧ ಜನ ಸುಮ್ಮನಾಗುತ್ತಾರೆ.

ಬಾಯಲ್ಲಿ ಇರಬೇಕಾದ ಮಾತುಗಳು

ಪ್ರಯಾಣಕ್ಕೆ ಮೊದಲೇ ಗಂಡ ಹೆಂಡತಿ ಕೂತು ನಾಲ್ಕು ವಾಕ್ಯ ಗಟ್ಟಿ ಮಾಡಿಕೊಳ್ಳಿ. ಆ ಹೊತ್ತಿಗೆ ತೋಚಿದ್ದು ಹೇಳೋಣ ಅಂದುಕೊಂಡರೆ ತೋಚುವುದಿಲ್ಲ, ಅಥವಾ ಬೇಡದ್ದು ತೋಚುತ್ತದೆ.

‘ಇದು ಯಾರ ಮಗು?’ ‘ನಮ್ಮ ಮಗಳು.’ ಅಷ್ಟೇ. ‘ದತ್ತು ತೆಗೆದುಕೊಂಡದ್ದು’ ಅಂತ ಬಾಲ ಸೇರಿಸಬೇಡಿ. ಮುಚ್ಚಿಡುವ ವಿಷಯ ಅಂತ ಅಲ್ಲ, ಕಣ್ಣೂರು ಪ್ಯಾಸೆಂಜರಿನಲ್ಲಿ ಎದುರು ಕೂತವರಿಗೆ ಅದು ಬೇಕಾಗಿಲ್ಲ ಅಂತ. ಆಮೇಲೆ ತಕ್ಷಣ ಪ್ರಶ್ನೆ ತಿರುಗಿಸಿ: ‘ನಿಮ್ಮದು ಎಲ್ಲಾಯಿತು?’ ಈ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಮನೆ ಹೆಸರು, ತರವಾಡು, ಹತ್ತಿರದ ದೇವಸ್ಥಾನ, ಆ ಕಡೆ ಯಾರಿಗೆ ಕೊಟ್ಟದ್ದು, ಎಲ್ಲಿಂದ ತಂದದ್ದು, ಹೀಗೆ ಮಾತು ತಾನಾಗಿಯೇ ದೂರ ಹೋಗುತ್ತದೆ. ಅನಂತಪುರದ ಕೆರೆಯ ದಂಡೆಯಲ್ಲಾದರೆ ಮೊಸಳೆ ಉಂಟು. ಬಬಿಯಾ 2022ರಲ್ಲಿ ಸತ್ತದ್ದು, ಮರುವರ್ಷ ಇನ್ನೊಂದು ಕಾಣಿಸಿಕೊಂಡದ್ದು, ಇದರ ಬಗ್ಗೆ ಒಬ್ಬೊಬ್ಬರ ಹತ್ತಿರವೂ ಅರ್ಧ ಗಂಟೆಯ ಕಥೆ ಇರುತ್ತದೆ. ಮಗುವಿಗೂ ಅದೇ ಇಷ್ಟ.

‘ನಿಜವಾದ ಅಮ್ಮ ಎಲ್ಲಿದ್ದಾಳೆ?’ ಇದಕ್ಕೆ ತಂಗಿ ಹೇಳುವುದು ‘ಇಲ್ಲೇ ಇದ್ದೇನಲ್ಲ’ ಅಂತ. ಸಿಟ್ಟಿಲ್ಲದೆ, ಸಂತೆಯಲ್ಲಿ ಬದನೆಯ ರೇಟು ಹೇಳಿದ ಹಾಗೆ. ಆದರೆ ಇಲ್ಲೊಂದು ಎಚ್ಚರಿಕೆ: ಸಿಟ್ಟಿನ ಭರದಲ್ಲಿ ‘ಅವಳಿಗೆ ಬೇರೆ ಅಮ್ಮ ಯಾರೂ ಇಲ್ಲ’ ಅನ್ನಬೇಡಿ. ಹೆತ್ತವಳು ಒಬ್ಬಳು ಇದ್ದಾಳೆ, ಎಲ್ಲೋ ಇದ್ದಾಳೆ ಅಥವಾ ಇದ್ದಳು. ಮಗುವಿಗೆ ಮನೆಯಲ್ಲಿ ನೀವೇ ಅದನ್ನು ಹೇಳಿರುತ್ತೀರಿ. ಬೀದಿಯಲ್ಲಿ ಯಾರನ್ನೋ ಗೆಲ್ಲುವುದಕ್ಕೆ ಆ ಹೆಂಗಸನ್ನು ಇಲ್ಲವಾಗಿಸಿದರೆ ಮಗುವಿಗೆ ಗೊಂದಲ.

‘ಬಣ್ಣ ನಿಮ್ಮ ಹಾಗಿಲ್ಲ ಅಲ್ವಾ?’ ಅಂದರೆ ‘ಹೌದು, ಇಲ್ಲ’ ಅನ್ನಿ. ಅಜ್ಜಿಯ ಬಣ್ಣ ಬಂದಿದೆ, ಬಿಸಿಲಿಗೆ ಕಪ್ಪಾಗಿದ್ದಾಳೆ ಅಂತ ಯಾವ ಸುಳ್ಳೂ ಬೇಡ. ಸುಳ್ಳು ಹೇಳಿದರೆ ಇದು ನಾಚಿಕೆಯ ವಿಷಯ ಅಂತ ಮಗು ತಿಳಿಯುತ್ತದೆ. ಒಪ್ಪಿಕೊಂಡು ಸುಮ್ಮನಾದರೆ ಎದುರಿನವರಿಗೆ ಮುಂದೆ ಹೋಗಲು ದಾರಿ ಇರುವುದಿಲ್ಲ.

‘ಅಮ್ಮತೊಟ್ಟಿಲಿನಲ್ಲಿ ಸಿಕ್ಕಿದ್ದಾ?’ ಇದು ಕೇರಳದ ನಮಗೇ ಮೀಸಲಾದ ಪ್ರಶ್ನೆ. ಸಾಕಲಾಗದವರು ಮಗುವನ್ನು ಬಿಟ್ಟುಹೋಗಲೆಂದು ಇಟ್ಟ, 2002ರಲ್ಲಿ ತಿರುವನಂತಪುರದಲ್ಲಿ ಶುರುವಾದ ಆ ತೊಟ್ಟಿಲಿನ ಸುದ್ದಿ ಪೇಪರಿನಲ್ಲಿ ಬರುತ್ತಾ ಇರುವುದರಿಂದ, ದತ್ತು ಅಂದ ಕೂಡಲೇ ಜನರ ತಲೆಗೆ ಅದೇ ಬರುತ್ತದೆ. ಹೌದು ಅಂತಲೂ ಅಲ್ಲ ಅಂತಲೂ ಹೇಳಬೇಡಿ. ‘ಅದು ಅವಳ ವಿಷಯ, ದೊಡ್ಡವಳಾದ ಮೇಲೆ ಬೇಕಾದರೆ ಅವಳೇ ಹೇಳ್ತಾಳೆ.’ ಇದೊಂದು ವಾಕ್ಯ ಎಷ್ಟೋ ಪ್ರಶ್ನೆಗಳಿಗೆ ಆಗುತ್ತದೆ. ಹುಟ್ಟಿದ್ದು ಎಲ್ಲಿ, ಯಾವ ಜಾತಿ, ಯಾಕೆ ಬಿಟ್ಟರು, ಎಲ್ಲದಕ್ಕೂ.

ಹೊಗಳಿಕೆಯ ಕಾಟ

ಕೆಟ್ಟ ಮಾತಿಗಿಂತ ಕಷ್ಟದ್ದು ಸಿಹಿ ಮಾತು. ‘ಎಂಥ ಪುಣ್ಯದ ಕೆಲಸ ಮಾಡಿದ್ರಿ! ಎಲ್ಲೋ ಬೀದಿಯಲ್ಲಿ ಇರಬೇಕಾಗಿದ್ದ ಮಗು, ಈಗ ನೋಡಿ ವಿಮಾನದಲ್ಲಿ ಓಡಾಡ್ತದೆ.’ ಹೇಳುವವರ ಕಣ್ಣಲ್ಲಿ ನೀರು ಇರುತ್ತದೆ, ಬಯ್ಯುವ ಹಾಗಿಲ್ಲ. ಆದರೆ ಏಳೆಂಟು ವರ್ಷದ ಮಗುವಿಗೆ ಇದರಲ್ಲಿ ಕೇಳಿಸುವುದು ಬೇರೆಯೇ: ನಾನು ಇವರಿಗೆ ಸಾಲಗಾರಳು, ಇನ್ನು ಮೇಲೆ ಹಠ ಮಾಡಬಾರದು. ಹಠ ಮಾಡದ ಮಗು ಯಾವ ಮನೆಗೆ ಬೇಕು ಹೇಳಿ?

‘ಪುಣ್ಯಕ್ಕೆ ಅಲ್ಲ ಅಮ್ಮಾ, ನಮಗೆ ಮಗಳು ಬೇಕಿತ್ತು’ ಅಂದುಬಿಡಿ. ‘ಅದೃಷ್ಟ ಅವಳದ್ದಲ್ಲ, ನಮ್ಮದು’ ಅಂತ ಹೇಳುವವರೂ ಇದ್ದಾರೆ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಮಗು ಒಂದು ಮನೆ, ಒಂದು ಭಾಷೆ, ಕೆಲವೊಮ್ಮೆ ಒಡಹುಟ್ಟಿದವರನ್ನೂ ಕಳೆದುಕೊಂಡ ಮೇಲೆ ತಾನೇ ನಮ್ಮ ಹತ್ತಿರ ಬಂದದ್ದು. ಅದೃಷ್ಟದ ಲೆಕ್ಕ ಬೇಡ.

ಯಶೋದೆ, ಕೃಷ್ಣ, ಕರ್ಣ, ಅವನನ್ನು ಸಾಕಿದ ರಾಧೆ ಇವರನ್ನೂ ಕರೆಯದಿರುವುದು ಒಳ್ಳೆಯದು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವರಾದ ನಮಗೆ ಯಾವ ಮಾತಿಗೂ ಒಂದು ಪ್ರಸಂಗ ನೆನಪಾಗುತ್ತದೆ, ನಿಜ. ಮಗುವೊಂದು ‘ಕರ್ಣನ ಹಾಗೆ’ ಅನ್ನಿಸಿಕೊಂಡು, ರಾತ್ರಿ ಆಟಕ್ಕೆ ಹೋಗಿ ಕರ್ಣನ ಗತಿ ಏನಾಗುತ್ತದೆ ಅಂತ ನೋಡಿದರೆ ಏನು ತಿಳಿದುಕೊಳ್ಳಬೇಕು?

‘ಇನ್ನು ನಿಮ್ಮದೇ ಒಂದು ಆಗ್ತದೆ, ನೋಡ್ತಾ ಇರಿ’ ಅನ್ನುವವರಿಗೆ ಉತ್ತರವೇ ಬೇಡ. ಮಗುವನ್ನು ಹತ್ತಿರ ಎಳೆದುಕೊಂಡು ಬೇರೆ ಕಡೆ ನೋಡಿ.

‘ಎಷ್ಟು ಕೊಟ್ರಿ?’

ಅಡಿಕೆಯ ರೇಟು ಕೇಳುವ ದನಿಯಲ್ಲೇ ಇದನ್ನು ಕೇಳುತ್ತಾರೆ. ಮಗು ಜೊತೆಗಿದ್ದರೆ ಒಂದೇ ಮಾತು: ‘ಮಗುವಿಗೆ ದುಡ್ಡು ಕೊಡುವ ವ್ಯವಹಾರ ಇಲ್ಲ ಅಣ್ಣಾ, ಕೊಟ್ಟರೆ ಜೈಲು.’ ನಿಜವೂ ಹೌದು. 2015ರ ಬಾಲನ್ಯಾಯ ಕಾಯ್ದೆಯ 81ನೇ ಕಲಂ ಪ್ರಕಾರ ಮಗುವನ್ನು ಕೊಳ್ಳುವುದಕ್ಕೂ ಮಾರುವುದಕ್ಕೂ ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿ ದಂಡ.

ಮಗು ಇಲ್ಲದಾಗ, ಕೇಳಿದವರು ತಿಳಿದುಕೊಳ್ಳಲೆಂದೇ ಕೇಳಿದ್ದಾದರೆ, ಸ್ವಲ್ಪ ವಿವರವಾಗಿ ಮಾತಾಡಬಹುದು. ಯಾಕೆಂದರೆ ಈ ಪ್ರಶ್ನೆಯ ಹಿಂದೆ ಒಂದು ಚರಿತ್ರೆ ಉಂಟು, ಪೂರ್ತಿ ಹುಚ್ಚು ಪ್ರಶ್ನೆ ಅಲ್ಲ. ಪರದೇಶಕ್ಕೆ ಮಕ್ಕಳನ್ನು ಕಳಿಸುವುದರಲ್ಲಿ ದಂಧೆ ನಡೆಯುತ್ತಿದೆ ಅಂತ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಬರೆದ ಪತ್ರವನ್ನೇ ಅರ್ಜಿ ಅಂತ ತೆಗೆದುಕೊಂಡು ಸುಪ್ರೀಂ ಕೋರ್ಟು 1984ರಲ್ಲಿ ನಿಯಮ ಹಾಕಿಕೊಟ್ಟಿತು. 1990ರಲ್ಲಿ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಎಲ್ಲರೂ ‘ಕಾರಾ’ ಅನ್ನುವುದು, ಅದು ಬಂತು. ದೇಶದಿಂದ ದೇಶಕ್ಕೆ ದತ್ತು ಹೇಗೆ ನಡೆಯಬೇಕು ಅಂತ ಹೇಳುವ 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅಂಗೀಕರಿಸಿತು. ಆದರೂ ಪ್ರಪಂಚದಲ್ಲಿ ತಪ್ಪುಗಳು ಆಗಿವೆ. ನೆದರ್ಲೆಂಡ್ಸ್ 2021ರಲ್ಲಿ ಪರದೇಶದ ದತ್ತುವನ್ನೇ ತಡೆಹಿಡಿಯಿತು. ಚೀನಾ 2024ರಲ್ಲಿ ಹೆಚ್ಚುಕಡಿಮೆ ನಿಲ್ಲಿಸಿತು. ದಕ್ಷಿಣ ಕೊರಿಯಾದಿಂದ ದಶಕಗಳ ಹಿಂದೆ ಕಳಿಸಿದ ಮಕ್ಕಳ ಕಾಗದಪತ್ರದಲ್ಲಿ ಮೋಸ ನಡೆದಿತ್ತು, ಸರಕಾರವೇ ಅದಕ್ಕೆ ಹೊಣೆ ಅಂತ ಅಲ್ಲಿನ ಸತ್ಯಶೋಧನಾ ಆಯೋಗ 2025ರಲ್ಲಿ ಹೇಳಿತು. ಇದನ್ನೆಲ್ಲ ಓದಿದವರೊಬ್ಬರು ಸಂಶಯದಿಂದ ಕೇಳಿದರೆ ಅವರನ್ನು ದುಷ್ಟರು ಅನ್ನಲಾಗುವುದಿಲ್ಲ. ‘ನಿಮ್ಮ ಪ್ರಶ್ನೆ ಸರಿಯೇ, ಮಗು ಆಟಕ್ಕೆ ಹೋದ ಮೇಲೆ ಮಾತಾಡುವ’ ಅನ್ನಿ.

ಆಗ ಹೇಳಬೇಕಾದದ್ದು ಇಷ್ಟು. ಮೊದಲು ನೀವು ಇರುವ ದೇಶದಲ್ಲಿ ನಿಮ್ಮ ಮನೆ, ಸಂಪಾದನೆ, ಆರೋಗ್ಯ ಎಲ್ಲ ನೋಡಿ ವರದಿ ಬರೆಯುತ್ತಾರೆ. ಇಲ್ಲಿ ಮಗುವಿನ ಹೆತ್ತವರನ್ನು ಹುಡುಕಿಸಿ, ಅಥವಾ ತಾವಾಗಿ ಒಪ್ಪಿಸಿದ್ದರೆ ಮನಸ್ಸು ಬದಲಿಸಲು ಎರಡು ತಿಂಗಳು ಕೊಟ್ಟು, ಆಮೇಲೆ ಮಕ್ಕಳ ಕಲ್ಯಾಣ ಸಮಿತಿ ಮಗುವನ್ನು ದತ್ತುವಿಗೆ ಬಿಡಬಹುದು ಅಂತ ಬರೆದುಕೊಡಬೇಕು. ದತ್ತು ಆದೇಶ ಕೊಡುವುದು 2022ರ ಸೆಪ್ಟೆಂಬರಿನಿಂದ ಜಿಲ್ಲಾ ಮ್ಯಾಜಿಸ್ಟ್ರೇಟರು, ಅಂದರೆ ನಮ್ಮ ಕಲೆಕ್ಟರು. ಅದಕ್ಕೆ ಮೊದಲು ಕೋರ್ಟು ಕೊಡುತ್ತಿತ್ತು. ಶುಲ್ಕ ಇಲ್ಲ ಅಂತ ಅಲ್ಲ, ಉಂಟು, ಆದರೆ ಸರಕಾರವೇ ನಿಗದಿ ಮಾಡಿದ್ದು, ರಶೀದಿ ಸಿಗುವಂಥದ್ದು. ಮಗು ಪರದೇಶ ತಲುಪಿದ ಮೇಲೂ ಬಿಡುವುದಿಲ್ಲ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ ಮಗು ಹೇಗಿದೆ ಅಂತ ವರದಿ ಹೋಗಬೇಕು.

‘ಫಾರಿನ್ನಿನವರಿಗೆ ಬೇಗ ಸಿಗ್ತದೆ’ ಅನ್ನುವುದು ಇನ್ನೊಂದು ನಂಬಿಕೆ. ಪರದೇಶದಲ್ಲಿರುವ ಭಾರತೀಯರಿಗೂ ಇಲ್ಲಿರುವವರಿಗೂ ಆದ್ಯತೆ ಸಮಾನ. ಹೆಸರು ನೋಂದಾಯಿಸಿದ ದಿನದ ಮೇಲೆ ಸಾಲು. ವರ್ಷಗಟ್ಟಲೆ ಕಾಯಬೇಕು, ಐರ್ಲೆಂಡಾದರೂ ಅಷ್ಟೇ, ನಮ್ಮ ಊರಿನ ಐಲ ಆದರೂ ಅಷ್ಟೇ.

ಕೇಳಲೇಬೇಕಾದವರು

ಎಲ್ಲರ ಮೇಲೂ ಗರಂ ಆಗುವ ಮೊದಲು, ಕೆಲವರು ಕೆಲಸಕ್ಕಾಗಿ ಕೇಳುತ್ತಾರೆ ಅಂತ ನೆನಪಿಡಿ. ವಿಮಾನ ನಿಲ್ದಾಣದಲ್ಲಿ, ಮಂಗಳೂರಾಗಲಿ ಕಣ್ಣೂರಾಗಲಿ, ‘ಇವರು ನಿನಗೆ ಏನಾಗಬೇಕು?’ ಅಂತ ಮಗುವನ್ನೇ ಕೇಳಿದರೆ ಅದು ಒಳ್ಳೆಯದೇ. ಮಕ್ಕಳ ಸಾಗಣೆ ತಡೆಯುವುದು ಹಾಗೆ. ದತ್ತು ಆದೇಶದ ಪ್ರತಿ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಲಗೇಜಿಗೆ ಕೊಡಬೇಡಿ. ಹೀಗೆ ಕೇಳುತ್ತಾರೆ ಅಂತ ಮಗುವಿಗೂ ಮೊದಲೇ ಹೇಳಿಡಿ.

ಡಾಕ್ಟರ ಹತ್ತಿರ ಪಿಸುಗುಟ್ಟಬೇಡಿ. ‘ಮನೆಯಲ್ಲಿ ಯಾರಿಗಾದರೂ ಅಸ್ತಮಾ ಉಂಟಾ?’ ಅಂತ ಕೇಳಿದರೆ ‘ದತ್ತು ಮಗಳು, ಹೆತ್ತವರ ಆರೋಗ್ಯದ ವಿವರ ನಮ್ಮಲ್ಲಿಲ್ಲ’ ಅಂತ ಸಾದಾ ದನಿಯಲ್ಲಿ, ಮಗುವಿನ ಎದುರೇ ಹೇಳಿ. ದತ್ತುವಿನ ಹೊತ್ತಿಗೆ ಕೊಟ್ಟ ವೈದ್ಯಕೀಯ ವರದಿ ಫೋನಿನಲ್ಲಿದ್ದರೆ ತೋರಿಸಿ. ಆದರೆ ಟೋಕನ್ ಕೊಡುವ ಹುಡುಗನಿಗೆ, ಮದ್ದಿನ ಅಂಗಡಿಯವರಿಗೆ ಇದು ಬೇಡ.

ದೇವಸ್ಥಾನದಲ್ಲಿ ಸಂಕಲ್ಪಕ್ಕೆ ಗೋತ್ರ, ನಕ್ಷತ್ರ ಕೇಳುತ್ತಾರೆ. ಭಟ್ರು ಕೇಳುವುದು ಅಭ್ಯಾಸಬಲದಿಂದ. ಗೋತ್ರ ಅಪ್ಪನದ್ದೇ ಹೇಳಿ, ತಡವರಿಸಬೇಡಿ. ದತ್ತು ಆದೇಶವಾದ ದಿನದಿಂದ ಮಗು ಎಲ್ಲ ರೀತಿಯಲ್ಲೂ ದತ್ತು ತಂದೆತಾಯಿಯದ್ದೇ ಅಂತ ಕಾನೂನೇ ಹೇಳುತ್ತದೆ. ನಕ್ಷತ್ರದ್ದು ಸ್ವಲ್ಪ ಗೋಜಲು, ಯಾಕೆಂದರೆ ಎಷ್ಟೋ ಮಕ್ಕಳ ಕಾಗದದಲ್ಲಿರುವ ಹುಟ್ಟಿದ ದಿನ ಅಂದಾಜಿನದ್ದು. ಹೆಸರಿನ ಮೊದಲ ಅಕ್ಷರ ಹಿಡಿದು ನಾಮನಕ್ಷತ್ರ ಹೇಳುವ ಪದ್ಧತಿ ಮೊದಲಿನಿಂದಲೂ ಉಂಟು. ಊರಿಗೆ ಬರುವ ಮೊದಲೇ ನಿಮ್ಮ ಪುರೋಹಿತರ ಹತ್ತಿರ ಫೋನಿನಲ್ಲಿ ಕೇಳಿ ಗೊತ್ತುಮಾಡಿಕೊಂಡರೆ, ಮಧೂರಿನಲ್ಲಿ ಹಿಂದೆ ಸಾಲು ನಿಂತ ಜನರೆಲ್ಲ ಕಿವಿ ನಿಮಿರಿಸಿರುವಾಗ ‘ಗೊತ್ತಿಲ್ಲ’ ಅಂತ ಪೆಚ್ಚುಮುಖ ಹಾಕಬೇಕಾಗುವುದಿಲ್ಲ. ಅಪ್ಪದ ಪ್ರಸಾದ ತೆಗೆದುಕೊಂಡು ಹೊರಗೆ ಬನ್ನಿ.

ಅಜ್ಜ ಅಜ್ಜಿಯನ್ನು ತಯಾರು ಮಾಡಿ

ಅಪರಿಚಿತರಿಗೆ ಸುದ್ದಿ ತಲುಪುವುದು ಹೆಚ್ಚಾಗಿ ಮನೆಯಿಂದಲೇ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಅಜ್ಜಿಯನ್ನು ಕೇಳುತ್ತಾರೆ, ಅಜ್ಜಿ ಪ್ರೀತಿಯಿಂದಲೇ ಎಲ್ಲ ಹೇಳುತ್ತಾರೆ, ಸಾರು ಬಂದು ಪಾಯಸ ಬರುವಷ್ಟರಲ್ಲಿ ಇಡೀ ಪಂಕ್ತಿಗೆ ಗೊತ್ತು. ಆದ್ದರಿಂದ ಊರಿಗೆ ಬರುವ ಮೊದಲೇ ಫೋನ್ ಮಾಡಿ, ಯಾವುದು ಹೇಳಬಹುದು ಯಾವುದು ಬೇಡ ಅಂತ ಬಿಡಿಸಿ ಹೇಳಿ. ‘ಯಾರಿಗೂ ಹೇಳಬೇಡಿ’ ಅಂದರೆ ಏನೋ ಗುಟ್ಟು ಅಂದುಕೊಳ್ಳುತ್ತಾರೆ. ‘ದತ್ತು ಅಂತ ಹೇಳಿ ಅಮ್ಮಾ, ಪರವಾಗಿಲ್ಲ. ಎಲ್ಲಿಂದ, ಯಾರು, ಯಾಕೆ ಅನ್ನುವುದು ಮಾತ್ರ ಅವಳಿಗೆ ಬಿಡಿ’ ಅಂದರೆ ಅರ್ಥವಾಗುತ್ತದೆ. ನಮ್ಮ ಅಮ್ಮ ಈಗ ನಮಗಿಂತ ಜೋರು. ಜಾತಕ ಕೇಳಿದವರೊಬ್ಬರಿಗೆ ‘ಎಂತಕ್ಕೆ, ನಿಮ್ಮ ಮೊಮ್ಮಗನಿಗೆ ಹೆಣ್ಣು ನೋಡ್ಲಿಕ್ಕುಂಟಾ?’ ಅಂತ ಕೇಳಿ ಕಳಿಸಿದ್ದಾರೆ.

ಫೋಟೋ ವಿಷಯವೂ ಇದರಲ್ಲೇ ಬರುತ್ತದೆ. ‘ಚಂದ ಉಂಟು, ಒಂದು ಸೆಲ್ಫಿ’ ಅಂತ ತೆಗೆದದ್ದು ಸಂಜೆಗೆ ಯಾವುದೋ ವಾಟ್ಸಾಪ್ ಗ್ರೂಪಿನಲ್ಲಿ ‘ಅನಾಥ ಮಗುವಿಗೆ ಆಸರೆಯಾದ ನಮ್ಮೂರ ದಂಪತಿ’ ಅಂತ ತಿರುಗುತ್ತಿರುತ್ತದೆ. ಬೇಡ ಅಂತ ಅಲ್ಲೇ ಹೇಳಿ. ಮುಲಾಜು ನೋಡಬೇಡಿ.

ಮನೆಗೆ ಬಂದ ಮೇಲೆ

ಮಗುವಿನ ಜೊತೆ ಮೊದಲೇ ಒಂದು ಸನ್ನೆ ಗೊತ್ತುಮಾಡಿಕೊಳ್ಳಿ. ನಮ್ಮವಳು ಅಮ್ಮನ ಕೈಯನ್ನು ಎರಡು ಸಲ ಒತ್ತಿದರೆ ‘ಇಲ್ಲಿಂದ ಹೋಗುವ’ ಅಂತ ಅರ್ಥ. ಹಾಗೆ ಒತ್ತಿದಾಗ ಎದ್ದು ಹೋಗಲೇಬೇಕು, ಕೇಳುತ್ತಿರುವವರು ಎಷ್ಟು ದೊಡ್ಡ ಮನುಷ್ಯರೇ ಆಗಿರಲಿ.

ರಾತ್ರಿ ಆ ಮಾತನ್ನು ನೀವಾಗಿಯೇ ಎತ್ತಿ. ‘ಆ ಅಜ್ಜಿ ಹಾಗೆ ಕೇಳಿದರಲ್ಲ, ನಿನಗೆ ಹೇಗನಿಸಿತು?’ ಏನೂ ಅನಿಸಲಿಲ್ಲ ಅಂದರೆ ಅಲ್ಲಿಗೇ ಬಿಡಿ, ಕೆದಕಿದರೆ ನಾವೂ ಅವರ ಹಾಗೇ ಆಗುತ್ತೇವೆ. ಕೆಲವು ಮಕ್ಕಳು ತಾವೇ ಉತ್ತರ ಕೊಡಬೇಕು ಅನ್ನುತ್ತಾರೆ. ಕೊಡಲಿ. ಒರಟಾಗಿದ್ದರೂ ಅಲ್ಲಿ ತಿದ್ದಬೇಡಿ. ‘ದೊಡ್ಡವರ ಹತ್ತಿರ ಹಾಗೆ ಮಾತಾಡಬಾರದು’ ಅಂತ ಹೇಳುವ ಜಾಗ ಅದಲ್ಲ.

‘ನಾಳೆ ಹೆತ್ತವಳನ್ನು ಹುಡುಕಿಕೊಂಡು ಹೋದರೆ ಏನು ಮಾಡ್ತೀರಿ?’ ಅಂತ ಹೆದರಿಸುವವರ ಮಾತು ಮಗುವಿನ ಕಿವಿಗೆ ಬಿದ್ದಿದ್ದರೆ, ಇದನ್ನೂ ಅವತ್ತೇ ಹೇಳಿ ಮುಗಿಸಿ. ತನ್ನ ಮೂಲ ತಿಳಿದುಕೊಳ್ಳಲು ಅರ್ಜಿ ಹಾಕುವ ಹಕ್ಕು ದತ್ತು ಮಕ್ಕಳಿಗೆ ಉಂಟು. ಹದಿನೆಂಟು ತುಂಬಿದ ಮೇಲೆ ತಾನೇ, ಅದಕ್ಕೆ ಮೊದಲಾದರೆ ಅಪ್ಪ ಅಮ್ಮನ ಜೊತೆ. ‘ನಿನಗೆ ಬೇಕು ಅನಿಸಿದಾಗ ಹೇಳು, ಜೊತೆಗೇ ಹೋಗುವ’ ಅಂತ ತಂಗಿ ಹೇಳಿದ್ದಾಳೆ.

ಕೊನೆಗೆ, ನಿಜಕ್ಕೂ ದತ್ತು ಬೇಕಾಗಿ ಕೇಳುವವರು. ಮದುವೆಯಾಗಿ ಎಷ್ಟೋ ವರ್ಷವಾದವರು ಜನರಿಂದ ಸ್ವಲ್ಪ ಆಚೆ ಕರೆದು, ತಗ್ಗಿದ ದನಿಯಲ್ಲಿ, ಮೊದಲು ಒರಟಾಗಿಯೇ ಶುರುಮಾಡಬಹುದು: ‘ಇಂಥ ಮಗು ನಮಗೂ ಸಿಗಬಹುದಾ?’ ಅವರನ್ನು ಬಯ್ಯಬೇಡಿ. ಮಗುವನ್ನು ಯಾರ ಜೊತೆಗಾದರೂ ಬಿಟ್ಟು ಬಂದು ಐದು ನಿಮಿಷ ಕೂತು ಮಾತಾಡಿ. ಕಾರಾದ ವೆಬ್‌ಸೈಟಿನಲ್ಲಿ ನೋಂದಣಿ, ಸಂಶಯ ಇದ್ದರೆ ಜಿಲ್ಲಾ ಮಕ್ಕಳ ಸಂರಕ್ಷಣಾ ಘಟಕ. ಯಾವ ಧರ್ಮದವರೂ ಬಾಲನ್ಯಾಯ ಕಾಯ್ದೆಯಡಿ ದತ್ತು ಪಡೆಯಬಹುದು ಅಂತ ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ, ನಮ್ಮಂಥ ಊರಿನಲ್ಲಿ ಇದನ್ನು ಹೇಳಲೇಬೇಕು. ‘ಆಸ್ಪತ್ರೆಯಲ್ಲಿ ಗುರ್ತದವರು ಒಬ್ಬರಿದ್ದಾರೆ, ಕಾಗದಪತ್ರ ಎಂತದೂ ಬೇಡವಂತೆ’ ಅಂತ ಅವರು ಹೇಳಿದರೆ ಮಾತ್ರ ಖಡಾಖಂಡಿತವಾಗಿ ತಡೆಯಿರಿ. ಹಾಗೆ ಕೊಟ್ಟ ಆಸ್ಪತ್ರೆಯವರಿಗೆ ಮೂರರಿಂದ ಏಳು ವರ್ಷ ಸಜೆ, ತೆಗೆದುಕೊಂಡವರ ಮೇಲೂ ಕೇಸು, ಮಗುವನ್ನು ಮತ್ತೆ ಅವರ ಕೈಯಿಂದ ತೆಗೆಯುತ್ತಾರೆ. ಮಗುವಿಗೆ ತೊಂದರೆ ಆಗುವಂಥದ್ದು ಎಲ್ಲಾದರೂ ನಡೆಯುತ್ತಿದೆ ಅಂತ ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.